ಮತದಾರರ ಪಟ್ಟಿಯ ಶುದ್ಧಿ ಮತ್ತು ರಾಜ್ಯ ಚುನಾವಣೆಗಳ ವಿಶ್ವಾಸಾರ್ಹತೆ

ರಾಜ್ಯ ವಿಧಾನಸಭಾ ಚುನಾವಣೆಗಳ ಪ್ರಾಮಾಣಿಕತೆಯನ್ನು ಕುರಿತ ಚರ್ಚೆಯು ನಮ್ಮಲ್ಲಿ ಸಾಮಾನ್ಯವಾಗಿ ಮತಯಂತ್ರ, ಹಣಬಲ, ನೀತಿಸಂಹಿತೆ ಎಂಬ ಮೂರು ವಿಷಯಗಳ ಸುತ್ತಲೇ ನಡೆಯುತ್ತದೆ. ಇವು ಮುಖ್ಯವಾದವುಗಳೇ ಸರಿ. ಆದರೆ ಈ ಮೂರಕ್ಕೂ ಮೊದಲೇ ಸಿದ್ಧವಾಗುವ, ಮತದಾನದ ದಿನ ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಒಂದು ದಾಖಲೆಯಿದೆ. ಅದು ಮತದಾರರ ಪಟ್ಟಿ. ಯಾರು ಮತ ನೀಡಬಹುದು ಎಂಬುದು ಮತಗಟ್ಟೆಯ ಬಾಗಿಲಲ್ಲಿ ನಿರ್ಧಾರವಾಗುವುದಿಲ್ಲ; ಅದಕ್ಕಿಂತ ತಿಂಗಳುಗಳ ಹಿಂದೆ, ತಾಲ್ಲೂಕು ಕಚೇರಿಯ ಮೇಜಿನ ಮೇಲೆ ನಿರ್ಧಾರವಾಗಿರುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಪಟ್ಟಿಯ ರಚನೆ, ಅದರಲ್ಲಿ ಸೇರಿಕೊಳ್ಳುವ ದೋಷಗಳು, ಅವುಗಳ ನಿವಾರಣೋಪಾಯಗಳು ಇವುಗಳನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಹೊರನಾಡಿನ ಕನ್ನಡಿಗರಿಗೆ ಈ ವಿಷಯ ಎರಡು ಕಾರಣಗಳಿಂದ ಸಂಬಂಧಿಸಿದ್ದು: ಒಂದು, ವಾಸಸ್ಥಳದ ಪ್ರಶ್ನೆ, ಇನ್ನೊಂದು, ಹೆಸರು ಮತ್ತು ಲಿಪಿಯ ಪ್ರಶ್ನೆ.

ಒಂದು ಹೆಸರಿಗೆ ಎಷ್ಟು ಬೆಲೆಯೆಂಬುದಕ್ಕೆ ಕರ್ನಾಟಕದ ಚುನಾವಣಾ ಚರಿತ್ರೆಯಲ್ಲೇ ಉದಾಹರಣೆಗಳಿವೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಅಂತರ ಒಂದೇ ಮತ. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಫಲಿತಾಂಶ 16 ಮತಗಳಿಂದ ತೀರ್ಮಾನವಾಯಿತು. ಕೇರಳದ ಮಂಜೇಶ್ವರ ಕ್ಷೇತ್ರದಲ್ಲಿ 2016ರಲ್ಲಿ ಅಂತರ 89 ಮತಗಳು. ಇಂತಹ ಸಂದರ್ಭಗಳಲ್ಲಿ ಪಟ್ಟಿಯಲ್ಲಿ ಉಳಿದುಹೋದ ಕೆಲವು ಮೃತರ ಹೆಸರುಗಳೂ, ಪಟ್ಟಿಯಿಂದ ಬಿಟ್ಟುಹೋದ ಕೆಲವು ಜೀವಂತರ ಹೆಸರುಗಳೂ ಶಾಸಕನೊಬ್ಬನನ್ನು ಮಾಡಬಲ್ಲವು, ಕೆಡಿಸಬಲ್ಲವು.

1. ಕಾನೂನಿನ ಚೌಕಟ್ಟು

ಸಂವಿಧಾನದ 324ನೆಯ ವಿಧಿಯು ಸಂಸತ್ತಿನ ಮತ್ತು ರಾಜ್ಯ ವಿಧಾನಮಂಡಲಗಳ ಚುನಾವಣೆಗಳಿಗೆ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವ ಕಾರ್ಯದ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಭಾರತದ ಚುನಾವಣಾ ಆಯೋಗಕ್ಕೆ ವಹಿಸಿದೆ. ಧರ್ಮ, ಜನಾಂಗ, ಜಾತಿ, ಲಿಂಗ ಇವುಗಳ ಆಧಾರದ ಮೇಲೆ ಯಾರನ್ನೂ ಪಟ್ಟಿಯಿಂದ ಹೊರಗಿಡುವಂತಿಲ್ಲ ಎಂದು 325ನೆಯ ವಿಧಿ ಹೇಳುತ್ತದೆ. ವಯಸ್ಕ ಮತಾಧಿಕಾರವನ್ನು 326ನೆಯ ವಿಧಿ ಸ್ಥಾಪಿಸುತ್ತದೆ. 1989ರಲ್ಲಿ ಜಾರಿಗೆ ಬಂದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು.

ವಿವರಗಳು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿಯೂ 1960ರ ಮತದಾರರ ನೋಂದಣಿ ನಿಯಮಗಳಲ್ಲಿಯೂ ಇವೆ. ಪ್ರತಿ ಕ್ಷೇತ್ರಕ್ಕೂ ಒಬ್ಬ ನೋಂದಣಿ ಅಧಿಕಾರಿ ಇರುತ್ತಾನೆ. ಹೊಸ ಹೆಸರನ್ನು ಸೇರಿಸಲು ನಮೂನೆ 6, ಇರುವ ಹೆಸರಿಗೆ ಆಕ್ಷೇಪಿಸಲು ಅಥವಾ ಅದನ್ನು ತೆಗೆಸಲು ನಮೂನೆ 7, ತಿದ್ದುಪಡಿ ಮತ್ತು ಸ್ಥಳಾಂತರಕ್ಕೆ ನಮೂನೆ 8 ಬಳಕೆಯಲ್ಲಿವೆ. ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2021ರ ತಿದ್ದುಪಡಿಯ ಫಲವಾಗಿ 2022ರ ಆಗಸ್ಟ್‌ನಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು ಬಂದಿವೆ. ಫೆಬ್ರವರಿಯಲ್ಲಿ ಹದಿನೆಂಟು ತುಂಬಿದವರು ಮುಂದಿನ ಜನವರಿಯವರೆಗೆ ಕಾಯಬೇಕಾದ ಸ್ಥಿತಿ ತಪ್ಪಿದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. 1951ರ ಕಾಯಿದೆಯ 62ನೆಯ ಪ್ರಕರಣದಂತೆ, ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಮತದಾನದ ಹಕ್ಕಿಲ್ಲ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ಚೀಟಿ ನಿರುಪಯುಕ್ತ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಚುನಾವಣೆ ಮುಗಿಯುವವರೆಗೆ ಪಟ್ಟಿಯಲ್ಲಿ ಸೇರ್ಪಡೆಯಾಗಲಿ ಅಳಿಸುವಿಕೆಯಾಗಲಿ ಸಾಧ್ಯವಿಲ್ಲ. ಆದ್ದರಿಂದ ಮತದಾನದ ದಿನ ತಪ್ಪು ಗೊತ್ತಾದರೂ ಅಂದು ಅದಕ್ಕೆ ಪರಿಹಾರವಿಲ್ಲ. ಪಟ್ಟಿಯ ಶುದ್ಧಿಯೆಂಬುದು ಚುನಾವಣೆಗಳ ನಡುವಣ ಕಾಲದಲ್ಲಿ ನಡೆಯಬೇಕಾದ ಕಾರ್ಯ ಎಂಬುದರ ಕಾರಣ ಇದೇ.

2. ಮೊದಲ ಪಟ್ಟಿಯ ಪಾಠ

ಸ್ವತಂತ್ರ ಭಾರತದ ಮೊದಲ ಮತದಾರರ ಪಟ್ಟಿಯ ಕಾರ್ಯವು ಚುನಾವಣಾ ಆಯೋಗದ ಸ್ಥಾಪನೆಗೂ ಮುಂಚೆಯೇ, ಸಂವಿಧಾನ ಸಭೆಯ ಸಚಿವಾಲಯದ ಮೇಲ್ವಿಚಾರಣೆಯಲ್ಲಿ ಆರಂಭವಾಗಿತ್ತು. ಬಹುಪಾಲು ನಿರಕ್ಷರಿಗಳಾಗಿದ್ದ, ದೇಶವಿಭಜನೆಯ ನಿರಾಶ್ರಿತರೂ ಸೇರಿದ್ದ ಸಮಾಜವೊಂದರಲ್ಲಿ ಸುಮಾರು 17.3 ಕೋಟಿ ಹೆಸರುಗಳನ್ನು ಬರೆದುಕೊಳ್ಳಬೇಕಾಗಿತ್ತು. ಈ ಕಾರ್ಯದಲ್ಲಿ ಎದುರಾದ ಒಂದು ತೊಡಕು ಪ್ರಸಿದ್ಧವಾಗಿದೆ. ಅನೇಕ ಪ್ರಾಂತಗಳಲ್ಲಿ ಸ್ತ್ರೀಯರು ಪರಪುರುಷನಾದ ಗಣತಿದಾರನಿಗೆ ತಮ್ಮ ಹೆಸರನ್ನು ಹೇಳದೆ ಇಂತಹವನ ತಾಯಿ, ಇಂತಹವನ ಹೆಂಡತಿ ಎಂದಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಸ್ವಂತ ಹೆಸರಿಲ್ಲದ ನಮೂದುಗಳನ್ನು ಒಪ್ಪಲಿಲ್ಲ. ತಿದ್ದಿಕೊಳ್ಳಲು ಕಾಲಾವಕಾಶ ಕೊಟ್ಟ ನಂತರವೂ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು.

ಈ ಘಟನೆಯಲ್ಲಿ ಎರಡು ಸತ್ಯಗಳು ಒಟ್ಟಿಗೆ ಇವೆ. ಸ್ತ್ರೀಯನ್ನು ಸ್ವತಂತ್ರ ವ್ಯಕ್ತಿಯೆಂದು ಗುರುತಿಸಬೇಕೆಂಬ ಸೇನರ ತತ್ತ್ವ ಸರಿಯಾಗಿತ್ತು. ಆದರೆ ಆ ತತ್ತ್ವವನ್ನು ಪಾಲಿಸಿದ ಆಡಳಿತದ ಬೆಲೆಯನ್ನು ತೆತ್ತವರು ಅದೇ ಸ್ತ್ರೀಯರು. ಶುದ್ಧಿ ಮತ್ತು ಸಮಗ್ರತೆ ಇವೆರಡನ್ನೂ ಏಕಕಾಲದಲ್ಲಿ ಸಾಧಿಸುವ ಕಷ್ಟವು ಅಂದಿನಿಂದ ಇಂದಿನವರೆಗೆ ಪಟ್ಟಿಯ ಮೂಲಭೂತ ಸಮಸ್ಯೆಯಾಗಿ ಉಳಿದಿದೆ.

3. ಎರಡು ಬಗೆಯ ದೋಷಗಳು

ಮತದಾರರ ಪಟ್ಟಿಯ ದೋಷಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಇರಬಾರದ ಹೆಸರು ಇರುವುದು ಮೊದಲನೆಯದು. ಇರಬೇಕಾದ ಹೆಸರು ಇಲ್ಲದಿರುವುದು ಎರಡನೆಯದು. ಮೃತರು, ಸ್ಥಳಾಂತರಗೊಂಡವರು, ಎರಡು ಕಡೆ ನೋಂದಾಯಿತರಾದವರು ಮೊದಲ ವರ್ಗಕ್ಕೆ ಸೇರುತ್ತಾರೆ. ತಪ್ಪು ಪರಿಶೀಲನೆಯಿಂದ ಅಥವಾ ದುರುದ್ದೇಶದ ಅರ್ಜಿಯಿಂದ ಹೆಸರು ಕಳೆದುಕೊಂಡವರು ಎರಡನೆಯ ವರ್ಗಕ್ಕೆ ಸೇರುತ್ತಾರೆ. ಒಂದನ್ನು ನಿವಾರಿಸುವ ಆತುರ ಇನ್ನೊಂದನ್ನು ಹೆಚ್ಚಿಸುತ್ತದೆ ಎಂಬುದೇ ಇಲ್ಲಿಯ ಸೂಕ್ಷ್ಮ.

ಮೊದಲ ಬಗೆಗೆ ಮಂಜೇಶ್ವರದ ಪ್ರಕರಣ ನಿದರ್ಶನ. ಕನ್ನಡ, ತುಳು, ಮಲಯಾಳ ಭಾಷೆಗಳು ಬೆರೆತಿರುವ ಈ ಕ್ಷೇತ್ರದಲ್ಲಿ 2016ರಲ್ಲಿ 89 ಮತಗಳಿಂದ ಸೋತ ಅಭ್ಯರ್ಥಿ ಕೆ. ಸುರೇಂದ್ರನ್ ಅವರು, ಮೃತರ ಮತ್ತು ವಿದೇಶದಲ್ಲಿದ್ದವರ ಹೆಸರಿನಲ್ಲಿ ಮತ ಚಲಾವಣೆಯಾಗಿದೆಯೆಂದು ಆರೋಪಿಸಿ ಕೇರಳ ಉಚ್ಚ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಿದರು. ವಿಚಾರಣೆ ಮುಗಿಯುವ ಮೊದಲೇ, 2018ರ ಅಕ್ಟೋಬರ್‌ನಲ್ಲಿ, ಗೆದ್ದ ಶಾಸಕ ಪಿ. ಬಿ. ಅಬ್ದುಲ್ ರಝಾಕ್ ಅವರು ನಿಧನರಾದರು. 2019ರಲ್ಲಿ ಅರ್ಜಿಯನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಉಪಚುನಾವಣೆ ನಡೆಯಿತು. ಆರೋಪ ನಿಜವೋ ಸುಳ್ಳೋ ಎಂಬುದು ತೀರ್ಮಾನವಾಗಲೇ ಇಲ್ಲ. ಪಟ್ಟಿಯ ದೋಷಕ್ಕೆ ಚುನಾವಣೆಯ ನಂತರ ನ್ಯಾಯಾಲಯದಲ್ಲಿ ಪರಿಹಾರ ಹುಡುಕುವ ಮಾರ್ಗ ಎಷ್ಟು ದೀರ್ಘವೂ ಅನಿಶ್ಚಿತವೂ ಆದುದೆಂಬುದು ಇದರಿಂದ ವಿದಿತವಾಗುತ್ತದೆ.

ಎರಡನೆಯ ಬಗೆಗೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದ ಪ್ರಕರಣವನ್ನು ನೋಡಬಹುದು. 2023ರ ಮೇ ತಿಂಗಳ ಚುನಾವಣೆಗೆ ಕೆಲವು ತಿಂಗಳ ಮುಂಚೆ ಆ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಕೋರುವ 6,018 ಅರ್ಜಿಗಳು ಗಣಕಜಾಲದ ಮೂಲಕ ಬಂದವು. ಸ್ಥಳ ಪರಿಶೀಲನೆ ನಡೆಸಿದಾಗ ಅವುಗಳಲ್ಲಿ 24 ಮಾತ್ರ ಸರಿಯಾದವೆಂದೂ ಉಳಿದ 5,994 ಸರಿಯಲ್ಲವೆಂದೂ ಕಂಡುಬಂದಿತು. ಸರಿಯಲ್ಲದ ಅರ್ಜಿಗಳನ್ನು ತಿರಸ್ಕರಿಸಲಾಯಿತು; 2023ರ ಫೆಬ್ರವರಿಯಲ್ಲಿ ಪೊಲೀಸ್ ಮೊಕದ್ದಮೆ ದಾಖಲಾಯಿತು; 2025ರ ಸೆಪ್ಟೆಂಬರ್‌ನಲ್ಲಿ ವಿಷಯ ರಾಷ್ಟ್ರಮಟ್ಟದ ಚರ್ಚೆಗೆ ಬಂದಾಗ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ನೇಮಿಸಿತು. ಅದೇ ಸುಮಾರಿಗೆ ಆಯೋಗವು ಗಣಕಜಾಲದ ಅರ್ಜಿಗಳಿಗೆ ಆಧಾರ್ ಸಂಬಂಧಿತ ದೂರವಾಣಿಯ ಮೂಲಕ ದೃಢೀಕರಣವನ್ನು ಅಳವಡಿಸಿತು.

ಆಳಂದದ ಪ್ರಕರಣದಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಅರ್ಜಿ ಸಲ್ಲಿಸುವುದು ಸುಲಭವಾದಷ್ಟೂ ಅದರ ದುರುಪಯೋಗವೂ ಸುಲಭವಾಗುತ್ತದೆ. ಅದನ್ನು ತಡೆದದ್ದು ಯಂತ್ರವಲ್ಲ, ಮನೆಮನೆಗೆ ಹೋಗಿ ಕೇಳಿದ ಸ್ಥಳ ಪರಿಶೀಲನೆ. ಹೀಗಿರುವಾಗ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಆಡಳಿತದ ಕೊನೆಯ ಕೊಂಡಿಯೆಂದು ಕಡೆಗಣಿಸುವುದು ತಪ್ಪು. ಬಹುಮಟ್ಟಿಗೆ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮೊದಲಾದವರು ತಮ್ಮ ನಿತ್ಯದ ಕೆಲಸದ ಜೊತೆಗೆ ಈ ಹೊಣೆಯನ್ನು ಹೊರುತ್ತಾರೆ. ಪಟ್ಟಿಯ ಶುದ್ಧಿಯು ಅಂತಿಮವಾಗಿ ಅವರ ವೇಳೆ, ಶ್ರದ್ಧೆ ಮತ್ತು ಸ್ಥಳಪರಿಚಯಗಳನ್ನೇ ಅವಲಂಬಿಸಿದೆ. ಈ ಹೊಣೆಯನ್ನು ಸರ್ಕಾರಿ ಸಿಬ್ಬಂದಿಯಲ್ಲದವರ ಕೈಗೆ ಕೊಟ್ಟರೆ ಆಗುವ ಅನಾಹುತವನ್ನು 2022ರ ನವೆಂಬರ್‌ನಲ್ಲಿ ಬೆಂಗಳೂರು ಕಂಡಿದೆ. ಖಾಸಗಿ ಸಂಸ್ಥೆಯೊಂದರ ಕಾರ್ಯಕರ್ತರು ಮತದಾರರ ವಿವರಗಳನ್ನು ಅಕ್ರಮವಾಗಿ ಸಂಗ್ರಹಿಸಿದರೆಂಬ ಆರೋಪ ಬಂದಾಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಗಳನ್ನು ಮರುಪರಿಶೀಲಿಸುವಂತೆ ಆಯೋಗ ಆದೇಶಿಸಬೇಕಾಯಿತು.

4. ಪರಿಷ್ಕರಣೆ ಮತ್ತು ಸಹಜ ನ್ಯಾಯ

ಹೆಸರನ್ನು ತೆಗೆಯುವ ಮುನ್ನ ಸಂಬಂಧಪಟ್ಟವನ ಅಹವಾಲನ್ನು ಕೇಳಬೇಕೆಂಬುದು 1950ರ ಕಾಯಿದೆಯ 22ನೆಯ ಪ್ರಕರಣದಲ್ಲಿಯೇ ಇದೆ. ಮರಣದ ಕಾರಣಕ್ಕಲ್ಲದೆ, ವಾಸ ಬದಲಾಗಿದೆ ಅಥವಾ ಅರ್ಹತೆಯಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವಾಗ ಸಮಂಜಸ ಅವಕಾಶ ಕೊಡುವುದು ಕಡ್ಡಾಯ. ಅಧಿಕಾರಿಯ ಆದೇಶದ ವಿರುದ್ಧ 24ನೆಯ ಪ್ರಕರಣದಡಿ ಮೇಲ್ಮನವಿಗೂ ಅವಕಾಶವಿದೆ.

1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ವಿಶದಪಡಿಸಿತು. ದೆಹಲಿ ಮತ್ತು ಮುಂಬಯಿ ನಗರಗಳಲ್ಲಿ ಅನೇಕ ನಿವಾಸಿಗಳಿಗೆ ತಮ್ಮ ಪೌರತ್ವವನ್ನು ರುಜುವಾತುಪಡಿಸುವಂತೆ ನೋಟಿಸುಗಳು ಹೋಗಿದ್ದವು. ಹಿಂದಿನ ಪಟ್ಟಿಯಲ್ಲಿ ಹೆಸರಿದ್ದವರ ವಿಷಯದಲ್ಲಿ ಆ ಹಿಂದಿನ ನಮೂದಿಗೆ ಬೆಲೆ ಕೊಡಬೇಕು, ಸಂಶಯದ ಆಧಾರವನ್ನು ಅವರಿಗೆ ತಿಳಿಸಬೇಕು, ಅವರು ಒದಗಿಸುವ ದಾಖಲೆಗಳನ್ನು ಪರಿಶೀಲಿಸಬೇಕು ಎಂಬುದು ತೀರ್ಪಿನ ಸಾರ. ಮಹಾನಗರಗಳಿಗೆ ಹೊರಗಿನಿಂದ ಬಂದು ನೆಲೆಸಿದ ಎಲ್ಲ ಭಾಷಿಕರಿಗೂ ಈ ತೀರ್ಪು ರಕ್ಷಣೆಯಾಗಿದೆ.

ಇದೇ ಪ್ರಶ್ನೆ ಬೃಹತ್ ಪ್ರಮಾಣದಲ್ಲಿ 2025ರಲ್ಲಿ ಮರಳಿ ಬಂದಿತು. ಜೂನ್ 24ರ ಆದೇಶದಂತೆ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾಯಿತು. ಪರಿಷ್ಕರಣೆಗೆ ಮುನ್ನ ಸುಮಾರು 7.89 ಕೋಟಿಯಿದ್ದ ಹೆಸರುಗಳು ಆಗಸ್ಟ್ 1ರ ಕರಡಿನಲ್ಲಿ 7.24 ಕೋಟಿಗೆ ಇಳಿದವು. ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಸರ್ವೋಚ್ಚ ನ್ಯಾಯಾಲಯ ಆಗಸ್ಟ್ 14ರಂದು ಮಧ್ಯಂತರ ಆದೇಶ ನೀಡಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ ಸುಮಾರು 7.42 ಕೋಟಿ ಹೆಸರುಗಳಿದ್ದವು. ಅಕ್ಟೋಬರ್ 27ರಂದು ಇದೇ ಪರಿಷ್ಕರಣೆಯನ್ನು ಕೇರಳ, ತಮಿಳುನಾಡು, ಗೋವಾ ಸೇರಿದಂತೆ 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ವಿಸ್ತರಿಸಲಾಯಿತು. ಕಾಸರಗೋಡು, ಹೊಸೂರು, ತಾಳವಾಡಿ ಭಾಗಗಳ ಕನ್ನಡಿಗರೂ ಈ ವ್ಯಾಪ್ತಿಗೆ ಬಂದರು.

ತೀವ್ರ ಪರಿಷ್ಕರಣೆಯ ಪರವಾಗಿಯೂ ವಿರೋಧವಾಗಿಯೂ ಬಲವಾದ ವಾದಗಳಿವೆ. ಎರಡು ದಶಕಗಳಿಗೂ ಮೀರಿ ಕೇವಲ ತೇಪೆ ಹಾಕಿಕೊಂಡು ಬಂದ ಪಟ್ಟಿಯಲ್ಲಿ ಮೃತರು ಮತ್ತು ವಲಸೆಹೋದವರು ಸೇರಿಕೊಂಡಿರುವುದು ಸಹಜ. ಆದರೆ ರುಜುವಾತಿನ ಹೊಣೆಯನ್ನು ದಾಖಲೆಗಳಿಲ್ಲದ ಬಡವನ ಮೇಲೆ ಅಲ್ಪಾವಧಿಯಲ್ಲಿ ಹೊರಿಸಿದರೆ ಮೊದಲ ಪಟ್ಟಿಯ 28 ಲಕ್ಷ ಸ್ತ್ರೀಯರ ಕತೆ ಬೇರೆ ರೂಪದಲ್ಲಿ ಪುನರಾವರ್ತನೆಯಾಗುತ್ತದೆ. ಬಿಟ್ಟ ಹೆಸರನ್ನು ಕಾರಣಸಹಿತವಾಗಿ, ಹುಡುಕಲು ಬರುವಂತೆ ಪ್ರಕಟಿಸಬೇಕೆಂಬ ನ್ಯಾಯಾಲಯದ ನಿರ್ದೇಶನವು ಈ ಎರಡು ವಾದಗಳ ನಡುವಣ ಸಮನ್ವಯದ ದಾರಿಯೆಂದು ನಾವು ಭಾವಿಸುತ್ತೇವೆ.

5. ವಾಸಸ್ಥಳ ಮತ್ತು ಹೊರನಾಡ ಕನ್ನಡಿಗರು

ಮುಂಬಯಿಯ ಉಪಾಹಾರಗೃಹಗಳಲ್ಲಿ ದುಡಿಯುವ ಕರಾವಳಿಯವರು, ಪುಣೆಯ ಕಟ್ಟಡ ಕಾಮಗಾರಿಗಳಲ್ಲಿರುವ ಉತ್ತರ ಕರ್ನಾಟಕದ ಕೂಲಿಕಾರರು, ಹೈದರಾಬಾದಿನ ಉದ್ಯೋಗಿಗಳು, ದೆಹಲಿಯ ಸರ್ಕಾರಿ ನೌಕರರು ಎಲ್ಲಿಯ ಮತದಾರರು? ಕಾಯಿದೆಯ ಉತ್ತರ ಸರಳ: 19ನೆಯ ಪ್ರಕರಣದಂತೆ ‘ಸಾಮಾನ್ಯ ನಿವಾಸಿ’ಯಾಗಿರುವಲ್ಲಿ. ಒಂದು ಕ್ಷೇತ್ರದಲ್ಲಿ ಮನೆ ಇದೆಯೆಂಬ ಮಾತ್ರಕ್ಕೆ ಅಲ್ಲಿಯ ಸಾಮಾನ್ಯ ನಿವಾಸಿಯಾಗುವುದಿಲ್ಲ. ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಆ ನಿವಾಸ ತಪ್ಪಿಹೋಗುವುದೂ ಇಲ್ಲ ಎನ್ನುತ್ತದೆ 20ನೆಯ ಪ್ರಕರಣ. ಎರಡು ಕಡೆ ಹೆಸರಿರುವುದನ್ನು 17ನೆಯ ಪ್ರಕರಣ ನಿಷೇಧಿಸುತ್ತದೆ. ತಿಳಿದೂ ಸುಳ್ಳು ಘೋಷಣೆ ಮಾಡುವುದು 31ನೆಯ ಪ್ರಕರಣದಡಿ ಶಿಕ್ಷಾರ್ಹ.

ವ್ಯವಹಾರದಲ್ಲಿ ಪ್ರಶ್ನೆ ಅಷ್ಟು ಸರಳವಲ್ಲ. ಊರಿನ ಹೆಸರನ್ನು ತೆಗೆಸದೆ ನಗರದಲ್ಲಿ ಹೊಸದಾಗಿ ಬರೆಸಿದವನು ಅರಿಯದೆಯೇ ಎರಡು ಕಡೆಯ ಮತದಾರನಾಗುತ್ತಾನೆ. ಸ್ಥಳಾಂತರಕ್ಕೆ ನಮೂನೆ 8 ಇದ್ದರೂ ಹಲವರು ನಮೂನೆ 6ನ್ನೇ ತುಂಬುತ್ತಾರೆ. ಇನ್ನೊಂದೆಡೆ, ವರ್ಷದಲ್ಲಿ ಆರು ತಿಂಗಳು ಊರಲ್ಲಿ, ಆರು ತಿಂಗಳು ಕಾಮಗಾರಿಯ ಸ್ಥಳದಲ್ಲಿ ಇರುವ ಕೂಲಿಕಾರನನ್ನು ಊರಿನ ಅಧಿಕಾರಿ ‘ಇಲ್ಲಿಲ್ಲ’ ಎಂದೂ ನಗರದ ಅಧಿಕಾರಿ ‘ವಿಳಾಸವಿಲ್ಲ’ ಎಂದೂ ಬಿಟ್ಟರೆ ಅವನು ಎಲ್ಲಿಯ ಪಟ್ಟಿಯಲ್ಲೂ ಇರುವುದಿಲ್ಲ. ಇದಕ್ಕೆ ಪರಿಹಾರವೆಂದು ಆಯೋಗವು 2022ರ ಡಿಸೆಂಬರ್‌ನಲ್ಲಿ ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತದಾನವನ್ನು ನಿರ್ವಹಿಸಬಲ್ಲ ದೂರಮತದಾನ ಯಂತ್ರದ ಮಾದರಿಯನ್ನು ಪ್ರಕಟಿಸಿ, 2023ರ ಜನವರಿಯಲ್ಲಿ ರಾಜಕೀಯ ಪಕ್ಷಗಳ ಮುಂದಿಟ್ಟಿತು. ವಿರೋಧ ಪಕ್ಷಗಳ ಆಕ್ಷೇಪಗಳ ನಡುವೆ ಅದು ಬಳಕೆಗೆ ಬರಲಿಲ್ಲ. ವಲಸಿಗ ಎಂದರೆ ಯಾರು ಎಂಬ ವ್ಯಾಖ್ಯೆಯೇ ಅಂದು ಎದ್ದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು.

6. ಹೆಸರು ಮತ್ತು ಲಿಪಿ

ಭಾಷಾಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ ಅಂಶ ಇದು. 1960ರ ನಿಯಮಗಳ ಪ್ರಕಾರ ಆಯೋಗ ನಿರ್ದೇಶಿಸಿದ ಭಾಷೆ ಅಥವಾ ಭಾಷೆಗಳಲ್ಲಿ ಪಟ್ಟಿಯನ್ನು ಸಿದ್ಧಪಡಿಸಬೇಕು. ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳಲ್ಲಿ ಮತಪತ್ರದ ಮೇಲೆ ಮಲಯಾಳದೊಂದಿಗೆ ಕನ್ನಡವೂ ಇರುವುದು ಭಾಷಾ ಅಲ್ಪಸಂಖ್ಯಾತರಿಗೆ ದೊರೆತ ಒಂದು ಸೌಲಭ್ಯ. ಮಹಾನಗರಗಳಲ್ಲಿ ಚದುರಿದಂತೆ ನೆಲೆಸಿರುವ ಕನ್ನಡಿಗರಿಗೆ ಅಂತಹ ಅವಕಾಶವಿಲ್ಲ. ಅವರ ಹೆಸರುಗಳು ಆಯಾ ರಾಜ್ಯದ ಲಿಪಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ದಾಖಲಾಗುತ್ತವೆ.

ಲಿಪ್ಯಂತರದಲ್ಲಿ ಹೆಸರು ರೂಪಾಂತರ ಹೊಂದುವುದು ಅನಿವಾರ್ಯ. ಮರಾಠಿ, ಹಿಂದಿಗಳ ರೂಢಿಯ ದೇವನಾಗರಿಯಲ್ಲಿ ಕನ್ನಡದ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಯಿಲ್ಲ. ಕೆಂಪಯ್ಯನು ಕೇಂಪಯ್ಯನಾಗುತ್ತಾನೆ, ಬೊಮ್ಮಣ್ಣನು ಬೋಮ್ಮಣ್ಣನಾಗುತ್ತಾನೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೂ ತಕಾರ ದಕಾರಗಳಿಗೂ ಒಂದೇ ಅಕ್ಷರ. ಇಂಗ್ಲಿಷಿನ ಮೂಲಕ ಹೋಗಿ ಮತ್ತೆ ಕನ್ನಡಕ್ಕೆ ಬಂದರೆ ಳಕಾರ ಲಕಾರವಾಗಿ, ಣಕಾರ ನಕಾರವಾಗಿ, ಸರಳಾ ಎಂಬವಳು ಸರಲಾ ಆಗುವ ಸಂಭವವಿದೆ. ಇದಕ್ಕೆ ಹೆಸರಿನ ರಚನೆಯ ಭೇದವೂ ಸೇರುತ್ತದೆ. ಊರಿನ ಹೆಸರನ್ನೋ ಮನೆತನವನ್ನೋ ತಂದೆಯ ಹೆಸರನ್ನೋ ಮೊದಲಕ್ಷರಕ್ಕೆ ಇಳಿಸಿ ಬರೆಯುವುದು ಕನ್ನಡಿಗರಲ್ಲಿ ರೂಢಿ. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮ. ಒಬ್ಬನೇ ವ್ಯಕ್ತಿ ಊರಿನ ಪಟ್ಟಿಯಲ್ಲಿ ಒಂದು ರೂಪದಲ್ಲಿ, ಮುಂಬಯಿಯ ಪಟ್ಟಿಯಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತಾನೆ.

ಇದರ ಪರಿಣಾಮ ಎರಡು ದಿಕ್ಕಿನದು. ಗಣಕಯಂತ್ರವು ಹೆಸರುಗಳನ್ನು ಹೋಲಿಸಿ ದ್ವಿಪ್ರತಿಗಳನ್ನು ಹುಡುಕುವಾಗ ಒಬ್ಬನನ್ನೇ ಇಬ್ಬರೆಂದು ಬಿಟ್ಟುಬಿಡಬಹುದು. ಇಬ್ಬರನ್ನು ಒಬ್ಬನೆಂದು ಗ್ರಹಿಸಲೂಬಹುದು. ಹಳೆಯ ಪಟ್ಟಿಯಲ್ಲಿ ತಂದೆಯ ಹೆಸರನ್ನು ತೋರಿಸಬೇಕೆಂದಾಗ ಅಕ್ಷರದ ವ್ಯತ್ಯಾಸವೇ ಅನರ್ಹತೆಯ ಸಂಶಯಕ್ಕೆ ಕಾರಣವಾಗಬಹುದು. ಆದುದರಿಂದ ಅಕ್ಷರಭೇದವನ್ನು ಕೇವಲ ಗುಮಾಸ್ತನ ತಪ್ಪೆಂದು ತಳ್ಳಿಹಾಕದೆ, ಲಿಪಿಗಳ ನಡುವಣ ವ್ಯವಸ್ಥಿತ ಸಂಬಂಧವೆಂದು ಅಧ್ಯಯನ ಮಾಡಬೇಕಾಗಿದೆ.

7. ಆಡಳಿತದ ಸ್ವಾತಂತ್ರ್ಯ

ಆಯೋಗಕ್ಕೆ ತನ್ನದೇ ಆದ ದೊಡ್ಡ ಸಿಬ್ಬಂದಿಯಿಲ್ಲ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯಿಂದ ಮತಗಟ್ಟೆಯ ಶಿಕ್ಷಕನವರೆಗೆ ಬಹುತೇಕ ಎಲ್ಲರೂ ರಾಜ್ಯ ಸರ್ಕಾರದ ನೌಕರರು. ಅವರು ಪಟ್ಟಿಯ ಕೆಲಸದಲ್ಲಿರುವಷ್ಟು ಕಾಲ ಆಯೋಗಕ್ಕೆ ನಿಯೋಜಿತರೆಂದು ಕಾಯಿದೆ ಪರಿಗಣಿಸುತ್ತದೆ. ಕರ್ತವ್ಯಲೋಪಕ್ಕೆ 32ನೆಯ ಪ್ರಕರಣದಡಿ ಶಿಕ್ಷೆಯೂ ಇದೆ. ಆದರೂ ಅವರ ವರ್ಗಾವಣೆ, ಬಡ್ತಿಗಳು ಚುನಾವಣೆಯ ನಂತರ ಮತ್ತೆ ಸರ್ಕಾರದ ಕೈಗೇ ಹೋಗುತ್ತವೆ.

ಸ್ಥಳೀಯ ಸಂಸ್ಥೆಗಳ ಸ್ಥಿತಿ ಇನ್ನೂ ಸೂಕ್ಷ್ಮ. 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯತಿ ಮತ್ತು ಪುರಸಭೆಗಳ ಚುನಾವಣೆಯನ್ನೂ ಅವುಗಳ ಮತದಾರರ ಪಟ್ಟಿಯನ್ನೂ ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿವೆ. ಐದು ವರ್ಷದ ಅವಧಿ ಮುಗಿಯುವ ಮುನ್ನ ಚುನಾವಣೆ ನಡೆಸಬೇಕೆಂದು 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿಯೂ, ಸರ್ಕಾರಿ ಹುದ್ದೆಯಲ್ಲಿರುವವರಿಗೆ ರಾಜ್ಯ ಚುನಾವಣಾ ಆಯುಕ್ತರ ಹೊಣೆಯನ್ನು ಹೆಚ್ಚುವರಿಯಾಗಿ ಕೊಡಬಾರದೆಂದು 2021ರಲ್ಲಿ ಗೋವಾದ ಪ್ರಕರಣದಲ್ಲಿಯೂ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಇಷ್ಟಾದರೂ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ 2025 ಕಳೆಯುವವರೆಗೂ ಅಲ್ಲಿ ಚುನಾವಣೆ ನಡೆಯಲಿಲ್ಲ. ನಡೆಯದ ಚುನಾವಣೆಯಲ್ಲಿ ಎಂತಹ ಶುದ್ಧ ಪಟ್ಟಿಯಿದ್ದರೂ ಪ್ರಯೋಜನವಿಲ್ಲ.

8. ಸುಧಾರಣೆಯ ದಿಕ್ಕು

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಯಾವುದೇ ಹೆಸರನ್ನು ತೆಗೆದಾಗ ಅದರ ಕಾರಣ, ಕೋರಿದವರು ಯಾರು, ಪರಿಶೀಲಿಸಿದವರು ಯಾರು ಎಂಬುದು ಮತಗಟ್ಟೆಯ ಸೂಚನಾ ಫಲಕದಲ್ಲಿ ಕಾಣಬೇಕು. ಎರಡನೆಯದಾಗಿ, ಜನನ ಮರಣ ನೋಂದಣಿಯ ದಾಖಲೆಗಳೊಡನೆ ಪಟ್ಟಿಯ ಸಂಬಂಧ ನಿರಂತರವಾಗಿರಬೇಕು. ಮೃತರ ಹೆಸರು ತೆಗೆಯಲು ಇಪ್ಪತ್ತು ವರ್ಷಗಳ ಕಾಯುವಿಕೆ ಅನಗತ್ಯ. ಮೂರನೆಯದಾಗಿ, ತೀವ್ರ ಪರಿಷ್ಕರಣೆಯನ್ನು ಚುನಾವಣೆಯ ಹೊಸ್ತಿಲಲ್ಲಿ ನಡೆಸದೆ, ಮೇಲ್ಮನವಿಗೆ ಸಾಕಷ್ಟು ಕಾಲ ಉಳಿಯುವಂತೆ ನಡೆಸಬೇಕು. ನಾಲ್ಕನೆಯದಾಗಿ, ಮತಗಟ್ಟೆ ಮಟ್ಟದ ಅಧಿಕಾರಿಗೆ ಬಿಡುವು, ತರಬೇತಿ, ತಕ್ಕ ಸಂಭಾವನೆ ದೊರೆಯಬೇಕು. ಐದನೆಯದಾಗಿ, ಭಾಷಾ ಅಲ್ಪಸಂಖ್ಯಾತರ ಹೆಸರುಗಳನ್ನು ಅವರದೇ ಲಿಪಿಯ ರೂಪದಿಂದ ಪರಿಶೀಲಿಸುವ ಅನುಕೂಲ ಇರಬೇಕು.

ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಹುಡುಕಲು ಬರುವ ಪಠ್ಯರೂಪದಲ್ಲಿ ಪಟ್ಟಿಯನ್ನು ಕೊಡಬೇಕೆಂಬ ಕೋರಿಕೆಯನ್ನು 2018ರಲ್ಲಿ ಕಮಲನಾಥ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪುರಸ್ಕರಿಸಲಿಲ್ಲ. ಖಾಸಗಿತನದ ರಕ್ಷಣೆ ಆಯೋಗದ ಸಮರ್ಥನೆಯಾಗಿತ್ತು. ಆದ್ದರಿಂದ ದೊಡ್ಡ ಪ್ರಮಾಣದ ಗಣಕ ವಿಶ್ಲೇಷಣೆ ಸುಲಭವಲ್ಲ. ಆದರೆ ಒಂದು ಮತಗಟ್ಟೆಯ ಪಟ್ಟಿಯನ್ನು ಮುದ್ರಿತ ರೂಪದಲ್ಲಿ ಹಿಡಿದು ಬೀದಿಬೀದಿ ಸುತ್ತಿ ಪರಿಶೀಲಿಸುವ ಅಧ್ಯಯನಕ್ಕೆ ಯಾವ ಅಡ್ಡಿಯೂ ಇಲ್ಲ. ಧಾರಾವಿಯಲ್ಲೋ ಹೊಸೂರಿನಲ್ಲೋ ಕಾಸರಗೋಡಿನಲ್ಲೋ ಅಂತಹ ಹತ್ತು ಮತಗಟ್ಟೆಗಳ ಅಧ್ಯಯನ ನಡೆದರೆ, ಕನ್ನಡ ಹೆಸರುಗಳು ಪರಭಾಷೆಯ ಪಟ್ಟಿಗಳಲ್ಲಿ ಹೇಗೆ ಉಳಿದಿವೆ, ಹೇಗೆ ಅಳಿದಿವೆ ಎಂಬುದು ಖಚಿತವಾಗಿ ತಿಳಿಯುತ್ತದೆ. ಅದರ ಪ್ರಯೋಜನ ಭಾಷಾಶಾಸ್ತ್ರಕ್ಕೆ ಎಷ್ಟೋ, ಆ ಹೆಸರುಗಳನ್ನು ಹೊತ್ತ ಮತದಾರರಿಗೂ ಅಷ್ಟೇ.